ಜವೇರಿ ಬಜಾರಿನ ಜಲಗಾರ

ಮಗಳ ಓಲೆಗೆ ಬೆಸುಗೆ ಹಾಕಿಸಲೆಂದು ಮುಂಬಯಿಯ ಜವೇರಿ ಬಜಾರಿಗೆ ಹೋದವರು ಹಿಂದಿನ ಗಲ್ಲಿಯೊಂದರಲ್ಲಿ ನಿಂತೇಬಿಟ್ಟೆವು. ಅಕ್ಕಸಾಲಿಗರ ಕೋಣೆಗಳಿಂದ ಗುಡಿಸಿ ತಂದ ಕಸವನ್ನು ಸುಟ್ಟು, ಅರೆದು, ಜರಡಿ ಹಿಡಿದು, ಮುದುಕನೊಬ್ಬ ಬಾಣಲೆಯ ನೀರಿನಲ್ಲಿ ತಿರುಗಿಸುತ್ತಿದ್ದ. ಚಿನ್ನವು ಮರಳಿಗಿಂತ ಸುಮಾರು 7 ಪಟ್ಟು ಭಾರ. ಬೂದಿ, ಮಣ್ಣು ನೀರಿನೊಡನೆ ಅಂಚು ದಾಟಿದರೆ ಚಿನ್ನದ ಹುಡಿ ತಳದಲ್ಲೇ ಉಳಿಯುತ್ತದೆ. ನಮ್ಮಮ್ಮ ಅಕ್ಕಿ ಜಾಲಿಸುತ್ತಿದ್ದುದೂ ಹೀಗೆಯೇ. ಅಲ್ಲಿ ತಳಕ್ಕಿಳಿಯುತ್ತಿದ್ದುದು ಮಾತ್ರ ಕಲ್ಲು!

“ಇವರಿಗೆ ಹಿಂದಿಯಲ್ಲಿ ನಿಯಾರಿಯಾ ಅಂತಾರೆ. ಕನ್ನಡದಲ್ಲಿ ಏನಪ್ಪಾ?” ಎಂದಳು ಮಗಳು.

“ಜಲಗಾರ. ಧೂಳು ಜಾಲಿಸಿ ಚಿನ್ನ ತೆಗೆಯುವವನು.”

“ಜಾಲಿಸೋದು ಅಂದರೆ?”

ಕಲ್ಲಿಲ್ಲದ ಪೊಟ್ಟಣದ ಅಕ್ಕಿ ತಿಂದು ಬೆಳೆದವಳು, ಪಾಪ! ನಾನು ಬಾಣಲೆಯತ್ತ ಬೆರಳು ತೋರಿಸಿದೆ. ಮುದುಕ ಅದನ್ನು ನಮ್ಮತ್ತ ಓರೆ ಮಾಡಿದ. ತಳದಲ್ಲಿ ಉಗುರಿನಷ್ಟು ಹಳದಿ ಗೆರೆ.