ಮಾರುತ್‌ನ ಸೊಂಟ

ಮುಂಬಯಿಯಲ್ಲಿ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳಿಗೆ ಬರವಿಲ್ಲ. ಆದರೆ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಫ್.-24 ಮಾರುತ್ ಕಣ್ಣಿಗೆ ಬೀಳುವುದು ಅಪರೂಪ. ಫೋರ್ಟಿನ ಓಣಿಯಂಗಡಿಯೊಂದರಲ್ಲಿ ಸ್ಪಿಟ್‌ಫೈರ್, ಮಿಗ್‌ಗಳ ಅಡಿಯಲ್ಲಿ ಅದು ಸಿಕ್ಕಾಗ ಚೌಕಾಸಿ ಕೂಡ ಮಾಡದೆ ಡೊಂಬಿವಲಿಗೆ ಕೊಂಡುಬಂದೆ.

ಮೂಲ ವಿಮಾನ 15.87 ಮೀಟರ್ ಉದ್ದ, ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್. 72ರಲ್ಲಿ ಒಂದು ಪಾಲು ಅಂದರೆ ಉದ್ದ 220 ಮಿಲಿಮೀಟರ್, ರೆಕ್ಕೆ 125. ರೆಕ್ಕೆ ಸರಿಯಾಗಿತ್ತು, ಉದ್ದ ಮಾತ್ರ 214. ‘ಆರು ಮಿಲಿಮೀಟರಿಗೆ ಇಷ್ಟು ರಾದ್ಧಾಂತವೇ?’ ಅಂದಳು ಹೆಂಡತಿ. ನಿಜ ವಿಮಾನದಲ್ಲಿ ಅದು ಸುಮಾರು ಒಂದೂವರೆ ಅಡಿ!

ಅದಕ್ಕಿಂತ ದೊಡ್ಡ ತಪ್ಪು ಸೊಂಟದ್ದು. ಶಬ್ದದ ವೇಗದ ಹತ್ತಿರ ಹೋಗುವ ವಿಮಾನಕ್ಕೆ ರೆಕ್ಕೆ ಸೇರುವಲ್ಲಿ ಒಡಲು ಸ್ವಲ್ಪ ಒಳಸರಿದಿರಬೇಕು, ಇಲ್ಲದಿದ್ದರೆ ಗಾಳಿ ಹಿಡಿದೆಳೆಯುತ್ತದೆ. ಫೋಕೆ-ವುಲ್ಫ್ 190 ವಿನ್ಯಾಸ ಮಾಡಿದ್ದ ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಮಾರುತ್‌ಗೆ ಕೊಟ್ಟಿದ್ದು ಆ ಸೊಂಟವನ್ನೇ. ಕಿಟ್ ಮಾಡಿದ ಪುಣ್ಯಾತ್ಮರು ಅದನ್ನು ಲಟ್ಟಣಿಗೆಯ ಹಾಗೆ ನೆಟ್ಟಗೆ ಎರಕ ಹೊಯ್ದಿದ್ದರು.

ವರಳಿಯ ನೆಹರು ವಿಜ್ಞಾನ ಕೇಂದ್ರದ ಬಯಲಿನಲ್ಲಿ ನಿಜವಾದ ಮಾರುತ್ ಒಂದನ್ನು ನಿಲ್ಲಿಸಿದ್ದರು. ಭಾನುವಾರ ದಾದರಿನಲ್ಲಿ ಲೋಕಲ್ ಬದಲಿಸಿ, ಮಹಾಲಕ್ಷ್ಮಿಯಲ್ಲಿಳಿದು ನಡೆದುಹೋದೆ. ಹತ್ತಿರದಿಂದ ಫೋಟೋ ತೆಗೆದರೆ ಮೂಗು ದೊಡ್ಡದಾಗಿ ಬಾಲ ಸಣ್ಣದಾಗುತ್ತದೆ. ಆದಷ್ಟು ದೂರ ನಿಂತು, ನೇರ ಪಕ್ಕದಿಂದ ತೆಗೆಯಬೇಕು. ಹಿಂದೆ ಹಿಂದೆ ಸರಿಯುತ್ತಿದ್ದ ನನ್ನನ್ನು ಕಾವಲುಗಾರ ‘ಕಾಯ್ ಪಾಹ್‌ತಾಯ್ ಸಾಹೇಬ್?’ ಎಂದು ಕೇಳಿದ. ನಮ್ಮೂರಿನ ವಿಮಾನ, ನೋಡ್ತಿದ್ದೀನಿ ಅಂದೆ. ಆತ ನಕ್ಕು, ತಾನು ಸಾತಾರಾದವನೆಂದ.

ಫೋಟೋದ ಮೇಲೆ ಲೆಕ್ಕ ಹಾಕಿದರೆ ಆರು ಮಿಲಿಮೀಟರೂ ಮೂಗಿಗೂ ಗಾಳಿ ಹೊಗುವ ಬಾಯಿಗೂ ನಡುವೆಯೇ ಕಳೆದುಹೋಗಿತ್ತು. ಹ್ಯಾಕ್ಸಾ ಬ್ಲೇಡಿನಿಂದ ಅಲ್ಲಿ ಕೊಯ್ದೆ. ಬ್ಲೇಡು ತಾನೇ ಒಂದು ಮಿಲಿಮೀಟರ್ ತಿನ್ನುವುದರಿಂದ ಸೇರಿಸಿದ ತುಂಡು ಏಳರದ್ದು. ಸೊಂಟದ ಕೆಲಸ ನಾಜೂಕು. ಪ್ಲಾಸ್ಟಿಕ್ಕಿನ ದಪ್ಪವೇ ಒಂದು ಮಿಲಿಮೀಟರು. ಹಾಗೇ ಉಜ್ಜಿದರೆ ತೂತಾಗುತ್ತದೆ. ಅದಕ್ಕೇ ಮೊದಲು ಒಳಗಡೆ ಎಂ-ಸೀಲನ್ನು ಚಪಾತಿ ಹಿಟ್ಟಿನಂತೆ ನಾದಿ ಮೆತ್ತಿ, ಗಟ್ಟಿಯಾದ ಮೇಲೆ ಹೊರಗಿನಿಂದ ಪಾಲಿಶ್ ಪೇಪರಿನಲ್ಲಿ ನೀರು ಹಾಕಿ ಉಜ್ಜಬೇಕು. ಅಳಿಸಿಹೋದ ಗೆರೆಗಳನ್ನು ಮತ್ತೆ ಸೂಜಿಯಿಂದ ಕೊರೆಯಬೇಕು. ಎರಡು ತಿಂಗಳು ಹಿಡಿಯಿತು.

ಇಷ್ಟೆಲ್ಲ ಯಾರಿಗಾಗಿ ಅಂದರೆ, ಅಪ್ಪನಿಗಾಗಿ. ಎಚ್.ಎ.ಎಲ್.ನಲ್ಲಿ ಮಾರುತ್‌ಗೆ ರಿವೆಟ್ ಹೊಡೆದವರು. ಅಮ್ಮ ಹೋದ ಮೇಲೆ ವಿಮಾನಪುರದ ಮನೆ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಗ್ಲಾಕೋಮಾದಿಂದ ಕಣ್ಣು ಪೂರ್ತಿ ಮಂಜು, ಮರಾಠಿ ಬಾರದು, ಇಡೀ ದಿನ ಬಾಲ್ಕನಿಯಲ್ಲಿ ಕೂತು ಲೋಕಲ್‌ಗಳ ಸದ್ದು ಎಣಿಸುವುದು. ಊರಲ್ಲಿ ಬಾಯಿಗೆ ಬೀಗವಿಲ್ಲದಿದ್ದವರು ಇಲ್ಲಿ ‘ಕಾಫಿ ಆಯ್ತಾ’ ಎಂಬುದನ್ನು ಬಿಟ್ಟರೆ ಮಾತೇ ಆಡುತ್ತಿರಲಿಲ್ಲ.

ಬಣ್ಣ ಬಳಿಯುವ ಮೊದಲು ಅವರ ಕೈಗಿಟ್ಟೆ. ಏನೆಂದು ಹೇಳಲಿಲ್ಲ. ಹೆಬ್ಬೆರಳು ಮೂಗಿನಿಂದ ಹೊರಟು, ಬಾಯಿಗಳ ಮೇಲೆ ಒಂದು ಕ್ಷಣ ತಡೆದು, ಹಿಂದಕ್ಕೆ ಸರಿಯಿತು. ಪಕ್ಕಪಕ್ಕದ ಎರಡು ಕೊಳವೆಗಳು ಸಿಕ್ಕೊಡನೆ, ‘ಇಪ್ಪತ್ನಾಲ್ಕು’ ಅಂದರು.

ಆಮೇಲೆ ಮಾತು ಶುರುವಾಯಿತು. 1961ರ ಜೂನ್ 17ರಂದು ಇದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರ ಜನವರಿ 10ರಂದು ಇದೇ ವಿಮಾನದಲ್ಲಿ ತೀರಿಕೊಂಡರಲ್ಲ, ಆ ರಾತ್ರಿ ಯಾರೂ ಉಣ್ಣಲಿಲ್ಲವಂತೆ. ‘ಈಗ ಅವರ ಹೆಸರಿನ ರಸ್ತೇಲಿ ಬರೀ ಟ್ರಾಫಿಕ್ಕು.’ ಎಂಜಿನ್ ಮಾತು ಬಂದಾಗ ದನಿ ಏರಿತು. ಒಡಲು ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಟ್ಟಿದ್ದು, ಸಿಕ್ಕಿದ್ದು ಎರಡು ಪುಟ್ಟ ಆರ್ಫಿಯಸ್. ‘ಅದನ್ನ ಯಾವ ಉಪ್ಪುಕಾಗದ ಹಾಕಿ ಸರಿ ಮಾಡ್ತೀಯೋ?’

ನಾನು ಸುಮ್ಮನಿದ್ದೆ. ಅವರ ಹೆಬ್ಬೆರಳು ರೆಕ್ಕೆಯ ಬುಡಕ್ಕೆ ಮರಳಿತ್ತು, ಎರಡು ಸಲ ಅಲ್ಲೇ ಓಡಾಡಿತು.

‘ಎಡಗಡೆ ಇನ್ನೂ ಚೂರು ದಪ್ಪ ಇದೆ ಕಣೋ. ಪೇಪರ್ ಕೊಡು ಇಲ್ಲಿ.’