ಅಜ್ಜಿಯ ಪೆಟ್ಟಿಗೆಯ ಗರುಡ ನಾಣ್ಯ



ಹೆಸರು ತಿಳಿಯದೆಯೇ ಪೂಜೆಗೊಳ್ಳುವ ವಸ್ತುವೊಂದು ಅನೇಕ ಮನೆಗಳಲ್ಲಿ ಇರುತ್ತದೆ. ನಮ್ಮ ಮನೆಯಲ್ಲಿ ಅದು ದಪ್ಪನೆಯ ಒಂದು ಕಂಚಿನ ನಾಣ್ಯ. ಒಂದು ಬದಿಯಲ್ಲಿ ಗಡ್ಡಧಾರಿಯ ತಲೆ, ಇನ್ನೊಂದು ಬದಿಯಲ್ಲಿ ರೆಕ್ಕೆ ಮಡಿಚಿ ನಿಂತ ಹಕ್ಕಿ. ಹಕ್ಕಿ ಗರುಡನೆಂದೂ ಗಡ್ಡದವರು ಅವನ ತಂದೆ ಕಶ್ಯಪರೆಂದೂ ನಮ್ಮ ಅಜ್ಜಿ ತೀರ್ಮಾನಿಸಿದ್ದರು. ಪ್ರತಿ ದೀಪಾವಳಿಗೂ ಹುಣಸೆಹಣ್ಣು ಹಚ್ಚಿ ಉಜ್ಜಿ, ಕುಂಕುಮವಿಟ್ಟು ಲಕ್ಷ್ಮಿಯ ಪಕ್ಕದಲ್ಲಿ ಇಡುತ್ತಿದ್ದರು.

ಅದನ್ನು ತಂದವರು ಅಜ್ಜಿಯ ಅಣ್ಣ. ನಾವು ಅವರನ್ನು ಸವಾರಜ್ಜ ಎನ್ನುತ್ತಿದ್ದೆವು. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯು ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾದದ್ದೂ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಡನೆ ಹೈಫಾ ಪಟ್ಟಣವನ್ನು ಗೆದ್ದದ್ದೂ ಇತಿಹಾಸ. ತಾವೂ ಆ ಪಡೆಯಲ್ಲಿದ್ದೆವೆಂದು ಸವಾರಜ್ಜ ಹೇಳುತ್ತಿದ್ದರು. ಊರಿನವರು ನಂಬಲಿಲ್ಲ. 'ಬೆಂಗಳೂರಿನ ಲಾಯದಲ್ಲಿ ಹುರುಳಿ ಬೇಯಿಸುತ್ತಿದ್ದವನು' ಎಂದು ನಗುತ್ತಿದ್ದರು. ಆ ನಗೆಯನ್ನು ಹೊತ್ತುಕೊಂಡೇ ಅವರು ತೀರಿಕೊಂಡರು.

ಕಳೆದ ವರ್ಷ ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ಬಂದಿದ್ದಾಗ, "ದೊಡ್ಡಪ್ಪ, ಅದನ್ನು ನನಗೆ ಕೊಡಿ, ಜತೆಗೆ ಒಯ್ಯುತ್ತೇನೆ" ಎಂದು ಕೇಳಿದ. ಉತ್ತರ ಕೊಡುವ ಮೊದಲು ಅದು ಏನೆಂದು ತಿಳಿಯಬೇಕೆನಿಸಿತು.

ಅಕ್ಕಸಾಲಿಗರ ತಕ್ಕಡಿಯಲ್ಲಿ ಅದು 34 ಗ್ರಾಂ ತೂಗಿತು. ಅಡ್ಡಳತೆ 36 ಮಿಲಿಮೀಟರ್. ಎರಡೂ ಬದಿಗಳ ನಟ್ಟನಡುವೆ ಒಂದೊಂದು ಸಣ್ಣ ಕುಳಿ. ಪದಕ ಮಾಡಲೆಂದು ಯಾರೋ ತೂತು ಕೊರೆಯಲು ಹೊರಟಿದ್ದರೆಂದು ಮನೆಯವರು ಹೇಳುತ್ತಿದ್ದರು. ಈಜಿಪ್ಟನ್ನು ಆಳಿದ ಗ್ರೀಕ್ ಮೂಲದ ಟಾಲೆಮಿ ವಂಶದ ಕಂಚಿನ ನಾಣ್ಯಗಳಲ್ಲಿ ಈ ಕುಳಿ ಸಾಮಾನ್ಯ ಲಕ್ಷಣ. ಅಚ್ಚು ಹಾಕುವ ಮೊದಲು ಬಿಲ್ಲೆಯನ್ನು ನಯಗೊಳಿಸುವಾಗ ಬಿದ್ದ ಗುರುತು ಅದೆಂದು ಹಲವು ವಿದ್ವಾಂಸರ ಅಭಿಪ್ರಾಯ.

ಬಿಸಿಲಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಗಡ್ಡಧಾರಿಯ ಕಿವಿಯ ಬಳಿ ಟಗರಿನ ಸುರುಳಿ ಕೊಂಬು ಕಂಡಿತು. ಇವರು ಕಶ್ಯಪರಲ್ಲ, ಗ್ರೀಕರ ಜ್ಯೂಸ್ ಮತ್ತು ಈಜಿಪ್ಟಿನ ಅಮ್ಮೋನ್ ಒಂದಾದ ದೇವರು. ಹಕ್ಕಿ ನಿಂತಿರುವುದು ಜ್ಯೂಸನ ಸಿಡಿಲಿನ ಮೇಲೆ, ಅದು ಹದ್ದು. ಅದರ ಸುತ್ತ ಅಳಿದುಳಿದ ಅಕ್ಷರಗಳಲ್ಲಿ ಮೊದಲು ಗುರುತು ಹತ್ತಿದ್ದು ಬಾಗಿಲುವಾಡದಂತಿರುವ 'ಪೈ'. ರೇಖಾಗಣಿತದಲ್ಲಿ ವೃತ್ತದ ಪರಿಧಿಗೆ ನಾವೆಲ್ಲ ಬಳಸಿದ ಅದೇ ಅಕ್ಷರ! ಇಡೀ ಬರಹ 'ಪ್ಟೊಲೆಮಾಯು ಬಸಿಲೆಯೋಸ್', ಅಂದರೆ 'ಟಾಲೆಮಿ ದೊರೆಯ'. ಎರಡು ಪದಗಳೂ ಷಷ್ಠೀ ವಿಭಕ್ತಿಯಲ್ಲಿವೆ. 'ನಾಣ್ಯ' ಎಂಬ ಮಾತನ್ನು ಓದುವವರೇ ಸೇರಿಸಿಕೊಳ್ಳಬೇಕು. ವ್ಯಾಕರಣ ಪಾಠದಲ್ಲಿ ನಿದ್ದೆ ಮಾಡುತ್ತಿದ್ದ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಆದರೆ ಆ ವಂಶದ ದೊರೆಗಳೆಲ್ಲರ ಹೆಸರೂ ಟಾಲೆಮಿಯೇ. ಆದ್ದರಿಂದ ಯಾವ ಟಾಲೆಮಿ ಎಂಬುದನ್ನು ಹೆಸರಿನಿಂದಲ್ಲ, ಚಿಕ್ಕ ಚಿಹ್ನೆಗಳಿಂದ ಗುರುತಿಸಬೇಕು. ಹದ್ದಿನ ಮುಂದೆ ಹಣ್ಣು ತುಂಬಿದ ಕೊಂಬಿನ ಚಿತ್ರವಿತ್ತು. ಕಾಲುಗಳ ನಡುವೆ ಇಂಗ್ಲಿಷಿನ ಎಕ್ಸ್ ಮತ್ತು ಪಿ ಬೆಸೆದಂತಹ ಗುರುತು. ಇದನ್ನು ಕ್ರೈಸ್ತ ಚಿಹ್ನೆಯೆಂದು ಭ್ರಮಿಸುವವರುಂಟು. ಆದರೆ ಕಾನ್‌ಸ್ಟಂಟೈನ್ ಚಕ್ರವರ್ತಿ ಅಂತಹ ಚಿಹ್ನೆಯನ್ನು ಬಳಸಿದ್ದು ಐದು ಶತಮಾನಗಳಿಗೂ ಹೆಚ್ಚು ಕಾಲದ ನಂತರ. ಸ್ವೊರೊನೋಸ್ ಎಂಬ ಗ್ರೀಕ್ ವಿದ್ವಾಂಸರು 1904ರಿಂದ ಪ್ರಕಟಿಸಿದ ಟಾಲೆಮಿ ನಾಣ್ಯಗಳ ಸೂಚಿಯನ್ನು ಅಂತರ್ಜಾಲದಲ್ಲಿ ನೋಡಬಹುದು. ತೂಕ, ಅಳತೆ, ಚಿಹ್ನೆ ಮೂರೂ ಹೊಂದಿದ್ದು ಕ್ರಿ.ಪೂ. 246ರಿಂದ 222ರವರೆಗೆ ಆಳಿದ ಮೂರನೆಯ ಟಾಲೆಮಿಯ ನಾಣ್ಯಕ್ಕೆ.

ಈ ದೊರೆ ನಮಗೆ ತೀರ ಅಪರಿಚಿತನಲ್ಲ. ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿ ಬರುವ 'ತುರಮಾಯ' ಇವನ ತಂದೆ, ಎರಡನೆಯ ಟಾಲೆಮಿ. ನೆರೆಯ ಆಂಧ್ರದ ಎರ್ರಗುಡಿಯ ಬಂಡೆಗಳ ಮೇಲೂ ಆ ಶಾಸನವಿದೆ.

ಈ ಬಗೆಯ ನಾಣ್ಯಗಳು ಬಹಳ ಸಂಖ್ಯೆಯಲ್ಲಿ ಉಳಿದಿವೆ; ಹುಣಸೆಹಣ್ಣಿನ ಉಪಚಾರದಿಂದ ನಮ್ಮದರ ಹಸಿರು ಪದರವೂ ಹೋಗಿದೆ. ಬೆಲೆಯ ಆಸೆ ಇಟ್ಟುಕೊಂಡಿದ್ದ ಬಂಧುಗಳಿಗೆ ನಿರಾಶೆಯಾಯಿತು. ನೂರು ವರ್ಷ ದಾಟಿದ ನಾಣ್ಯವು 1972ರ ಪುರಾತನ ವಸ್ತುಗಳ ಕಾಯಿದೆಯಂತೆ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಹಾಗೆಂದು ತಮ್ಮನ ಮಗನಿಗೆ ತಿಳಿಸಿದೆ. ಮೊದಲು ಮುನಿಸಿಕೊಂಡ, ಬಳಿಕ ಎರಡೂ ಬದಿಗಳ ಚಿತ್ರ ತೆಗೆದುಕೊಂಡು ಹೋದ.

ಸವಾರಜ್ಜ ಹೈಫಾದಲ್ಲಿ ಕುದುರೆ ಓಡಿಸಿದರೆಂದು ಈ ನಾಣ್ಯ ಸಾಕ್ಷಿ ಹೇಳಲಾರದು. ಆದರೆ ಟಾಲೆಮಿಯ ಕಂಚು ಮುಖ್ಯವಾಗಿ ಓಡಾಡಿದ್ದು ಈಜಿಪ್ಟಿನಲ್ಲಿ ಮತ್ತು ಅದರ ಅಧೀನ ಪ್ರದೇಶಗಳಲ್ಲಿ. ಬೆಂಗಳೂರಿನ ಲಾಯದ ಹುರುಳಿಯ ನಡುವೆ ಅದು ಸಿಕ್ಕುವಂಥದ್ದಲ್ಲ. ನನಗೆ ಅಷ್ಟು ಸಾಕು. ಈಗ ಅದನ್ನು ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ದೊರೆಯ ಹೆಸರಿನ ಕೆಳಗೆ ಸವಾರಜ್ಜನ ಹೆಸರನ್ನೂ ಬರೆದಿದ್ದೇನೆ.

ನಿಮ್ಮ ಮನೆಗಳಲ್ಲಿಯೂ ಇಂಥದ್ದು ಇದ್ದರೆ, ದಯವಿಟ್ಟು ಉಜ್ಜಬೇಡಿ. ತಂದವರು ಯಾರೆಂದು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ದೊರೆಯನ್ನು ಪುಸ್ತಕದಲ್ಲಿ ಹುಡುಕಬಹುದು. ತಂದವರ ಕಥೆ ಮನೆಯವರ ಬಳಿ ಮಾತ್ರ ಇರುತ್ತದೆ.