ಕನ್ಹೇರಿಯ ಮಳೆಗೆ ಹುಳಿ ಎಷ್ಟು?

ಜುಲೈ ತಿಂಗಳ ಒಂದು ಭಾನುವಾರ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಚೀಲದಲ್ಲಿ ಛತ್ರಿ, ಚಕ್ಕುಲಿಯ ಜೊತೆಗೆ ಒಂದು ಸ್ಟೀಲ್ ಬಟ್ಟಲು ಮತ್ತು ಪಿಎಚ್ ಕಾಗದಗಳು. ಮಗಳ ಶಾಲೆಯ ಪ್ರಾಜೆಕ್ಟು ‘ಆಮ್ಲ ಮಳೆ’. ಪುಸ್ತಕದಲ್ಲಿ ಯುರೋಪಿನ ಒಣಗಿದ ಕಾಡಿನ ಚಿತ್ರ ನೋಡಿದ್ದ ಅವಳಿಗೆ ನಮ್ಮ ಮುಂಬಯಿಯ ಕಾಡಿಗೂ ಹಾಗೇ ಆಗುತ್ತಿದೆಯೇ ಎಂದು ತಿಳಿಯಬೇಕಿತ್ತು. ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವ ನನಗೆ ಉತ್ತರ ಗೊತ್ತಿರಲಿಲ್ಲ.

ಕೃಷ್ಣಗಿರಿ, ಅಂದರೆ ಕಪ್ಪು ಬೆಟ್ಟ. ಅದೇ ಜನರ ಬಾಯಲ್ಲಿ ಕನ್ಹೇರಿ ಆಗಿದೆ. ನೂರಕ್ಕೂ ಹೆಚ್ಚು ಗುಹೆಗಳು, ಹಲವುಗಳ ಬಾಗಿಲಲ್ಲೇ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿ. ಬೌದ್ಧ ಭಿಕ್ಷುಗಳು ಕುಡಿದದ್ದು ಈ ಮಳೆಯನ್ನೇ. ನಾವೂ ಸ್ವಲ್ಪ ಕುಡಿಯುತ್ತಿದ್ದೇವೆ. ಇದೇ ಕಾಡಿನೊಳಗಿನ ವಿಹಾರ್ ಮತ್ತು ತುಳಸಿ ಕೆರೆಗಳು 19ನೆಯ ಶತಮಾನದಿಂದ ನಗರಕ್ಕೆ ನೀರು ಕೊಡುತ್ತಿವೆ.

ಬಯಲಲ್ಲಿ ಬಟ್ಟಲು ಹಿಡಿದು ಕಾಗದ ಅದ್ದಿದಾಗ ಬಣ್ಣ 5 ಮತ್ತು 6ರ ನಡುವೆ ನಿಂತಿತು. “ಪಪ್ಪಾ, ಆ್ಯಸಿಡ್!” ಎಂದು ಮಗಳು ಕುಣಿದಳು. ಶುದ್ಧ ಗಾಳಿಯ ಮಳೆಯೂ ಇಂಗಾಲದ ಡೈಆಕ್ಸೈಡ್ ಕರಗಿ ಸುಮಾರು 5.6 ಇರುತ್ತದೆ ಎಂದು ಹೇಳಿ ಅವಳ ಉತ್ಸಾಹಕ್ಕೆ ತಣ್ಣೀರೆರಚಿದೆ. ಅದಕ್ಕಿಂತ ಕೆಳಗಿಳಿದರೆ ಮಾತ್ರ ಚಿಂತೆ. ಒಂದಂಕಿ ಇಳಿದರೆ ಹುಳಿ ಹತ್ತು ಪಟ್ಟು.

ಮೆಟ್ಟಿಲ ಪಕ್ಕದ ತೊರೆಯಲ್ಲಿ ಅದ್ದಿದರೆ ಕಾಗದ ಹಸಿರು, ಹೆಚ್ಚುಕಡಿಮೆ 7. ಬಟ್ಟಲಿಗೂ ತೊರೆಗೂ ನಡುವೆ ಇದ್ದದ್ದು ತರಗೆಲೆ, ಮಣ್ಣು ಮತ್ತು ಜ್ವಾಲಾಮುಖಿಯಿಂದಾದ ಆ ಕಪ್ಪು ಕಲ್ಲು. ಕಲ್ಲು ಸವೆಯುತ್ತಾ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುತ್ತದೆ, ಮಳೆಯ ಹುಳಿಯನ್ನು ಅದು ನುಂಗಿಕೊಳ್ಳುತ್ತದೆ. ಕಲ್ಲು ಸವೆಯುವುದಕ್ಕಿಂತ ಬೇಗ ಹುಳಿ ಸುರಿದರೆ ಮಣ್ಣಿನ ಈ ಉಳಿತಾಯ ಖಾತೆ ಕರಗುತ್ತದೆ. ಆಮೇಲೆ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿದ್ದ ಅಲ್ಯೂಮಿನಿಯಂ ನೀರಿಗಿಳಿದು ಬೇರುಗಳನ್ನು ಕೆಡಿಸುತ್ತದೆ, ಕೆರೆ ಸೇರಿ ಮೀನಿನ ಕಿವಿರಿಗೂ ಕುತ್ತು ತರುತ್ತದೆ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಬೆಳ್ತಂಗಡಿ ಕಡೆಯ ನಮ್ಮ ಅಡಿಕೆ ತೋಟದ್ದು ಮುರಕಲ್ಲು ಮಣ್ಣು, ಹುಟ್ಟಾ ಹುಳಿ. “ನಾವು ಸುಣ್ಣ ಹಾಕುವುದು ಮತ್ತೆ ಯಾಕೆ ಮಾರಾಯ? ಅಲ್ಲಿ ಕಾಡಿಗೆ ಯಾರು ಹಾಕ್ತಾರೆ?” ಎಂದರು. ಅಮೆರಿಕದ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ಆಮ್ಲ ಮಳೆ ಕದ್ದ ಕ್ಯಾಲ್ಸಿಯಂ ಅನ್ನು ವಿಜ್ಞಾನಿಗಳು 1999ರಲ್ಲಿ ಹೆಲಿಕಾಪ್ಟರಿನಿಂದ ಒಂದು ಕಣಿವೆಗೆ ವಾಪಸು ಚೆಲ್ಲಿದರು, ಅಲ್ಲಿನ ಮೇಪಲ್ ಮರಗಳು ಚೇತರಿಸಿಕೊಂಡವು ಎಂದೆ. “ಹೆಲಿಕಾಪ್ಟರಿನಲ್ಲಾ!” ಎಂದು ನಕ್ಕರು. ಕಳೆದೆರಡು ವರ್ಷ ಆಳು ಸಿಗದೆ ಅವರಿಗೆ ತೋಟಕ್ಕೆ ಸುಣ್ಣ ಹಾಕಿಸಲಾಗಿಲ್ಲ. ನಾನೂ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಇಬ್ಬರೂ ಮತ್ತೆ ಹೋದೆವು. ಜುಲೈನ ಮಳೆ ಕಡಲ ಮೇಲಿಂದ ಬರುತ್ತದೆ. ಮುಂಗಾರು ಮರಳುವಾಗಿನ ಗುಡುಗು ಮಳೆ ಹೆಚ್ಚಾಗಿ ಪೂರ್ವದಿಂದ, ನೆಲದ ಮೇಲಿಂದ. ಕಲ್ಲಿದ್ದಲಿನ ಗಂಧಕ, ವಾಹನಗಳ ನೈಟ್ರೋಜನ್ ಆಕ್ಸೈಡ್ ಎಲ್ಲ ಆ ಗಾಳಿಯಲ್ಲೇ. ಈ ಸಲ ಬಟ್ಟಲಿನ ಬಣ್ಣ 5ರ ಹತ್ತಿರ ಬಂತು. ತೊರೆ ಮಾತ್ರ ಹಸಿರೇ. ಅಗ್ಗದ ಕಾಗದ, ಒಂದೇ ಮಧ್ಯಾಹ್ನ, ಇದರಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೂ ಗೇಟಿನ ಹೊರಗೆ ನಿಲ್ಲಿಸಿ ಬಂದಿದ್ದ ನನ್ನ ಡೀಸೆಲ್ ಕಾರು ನೆನಪಾಯಿತು.

ಇನ್ನೊಂದು ವಿಚಿತ್ರವೂ ಇದೆ. ನಾವು ಬಯ್ಯುವ ದೂಳಿನಲ್ಲೂ ಕ್ಯಾಲ್ಸಿಯಂ ಇದೆ. ನಮ್ಮ ದೇಶದ ಮಳೆ ಇಷ್ಟು ದಿನ ಹೆಚ್ಚು ಹುಳಿಯಾಗದೆ ಉಳಿದಿದ್ದರಲ್ಲಿ ಅದರದೂ ಪಾಲಿದೆ. ಹೊಗೆಯನ್ನು ಹಾಗೇ ಬಿಟ್ಟು ದೂಳನ್ನಷ್ಟೇ ಗುಡಿಸಿದರೆ ಮಳೆ ಇನ್ನೂ ಹುಳಿಯಾದೀತು.

ಪ್ರಾಜೆಕ್ಟಿಗೆ ಮಗಳು ಒಣಗಿದ ಕಾಡಿನ ಚಿತ್ರ ಅಂಟಿಸಲಿಲ್ಲ. ಬಟ್ಟಲಿನ ಕಾಗದ, ತೊರೆಯ ಕಾಗದ ಅಕ್ಕಪಕ್ಕ ಅಂಟಿಸಿ, ನಡುವೆ ಕಪ್ಪು ಪೆನ್ಸಿಲಿನಲ್ಲಿ ಒಂದು ಕಲ್ಲು ಬರೆದಳು. ಉಳಿದ ಕಾಗದಗಳು ನನ್ನ ಬ್ಯಾಗಿನಲ್ಲಿವೆ. ಡಿಸೆಂಬರ್ ರಜೆಗೆ ಊರಿಗೆ ಹೋಗುತ್ತಿದ್ದೇವೆ. ಸುಣ್ಣದ ಚೀಲ ತರಿಸಿಡಿ ಎಂದು ಅಪ್ಪನಿಗೆ ಹೇಳಿದ್ದೇನೆ.